ಜೀವರಕ್ಷಣೆಯ ವಿದ್ಯೆ ಮತ್ತು ಕಾರಿತದ ಹೊಣೆ

ಶ್ರಾವಕಧರ್ಮದಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳಿದೆ. ವ್ಯವಹಾರದಲ್ಲಿ ಇವು ಬೇರೆ ಬೇರೆಯಾಗಿಯೇ ನಡೆದುಬಂದಿವೆ. ಆಸ್ಪತ್ರೆ ಕಟ್ಟಿಸಿದವನು ಔಷಧದಾನಿ ಎನಿಸುತ್ತಾನೆ, ಗ್ರಂಥ ಅಚ್ಚು ಹಾಕಿಸಿದವನು ಶಾಸ್ತ್ರದಾನಿ ಎನಿಸುತ್ತಾನೆ. ಆದರೆ ಅಭಯ, ಭೈಷಜ್ಯ, ಶಾಸ್ತ್ರ ಈ ಮೂರೂ ಒಂದೆಡೆ ಸೇರುವ ಕಾರ್ಯವೊಂದು ಇಂದಿನ ಕಾಲದಲ್ಲಿ ಮೂಡಿದೆ. ಅಪಘಾತದಲ್ಲಿ ಬಿದ್ದವನನ್ನು, ಹೃದಯ ನಿಂತವನನ್ನು ಬದುಕಿಸಬಲ್ಲ ವೈದ್ಯ, ದಾದಿ ಅಥವಾ ಆಂಬುಲೆನ್ಸ್ ಸಿಬ್ಬಂದಿಯನ್ನು ಆ ವಿದ್ಯೆಯ ಬೋಧಕರನ್ನಾಗಿ ತಯಾರುಮಾಡುವುದೇ ಆ ಕಾರ್ಯ. ಇದು ಪುಣ್ಯಕಾರ್ಯವೇ ಎಂದು ಯಾರೂ ಕೇಳುವುದಿಲ್ಲ. ಯಾರು ಬೋಧಕನಾಗಬೇಕು, ಅವನು ಕಲಿಸಿದ್ದರ ಫಲಕ್ಕೆ ಎಷ್ಟರಮಟ್ಟಿಗೆ ಹೊಣೆಗಾರ ಎಂಬುದು ಮಾತ್ರ ವಿಚಾರಾರ್ಹ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯನ್ನು ನಾಡು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರೆಂದು ಬಲ್ಲದು. ಅಲ್ಲಿ 2023ರ ಮಾರ್ಚ್ 25ರಂದು ಶ್ರೀ ಮಧುಸೂದನ ಸಾಯಿ ವೈದ್ಯಕೀಯ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಉದ್ಘಾಟನೆಗೊಂಡಿತು. ಶುಲ್ಕವಿಲ್ಲದೆ ವೈದ್ಯಶಿಕ್ಷಣ ನೀಡುವ ಸಂಕಲ್ಪ ಅದರದು. ಅದೇ ವರ್ಷದ ಅಕ್ಟೋಬರ್ 26ರ ಮುಂಜಾನೆ, ಚಿಕ್ಕಬಳ್ಳಾಪುರದ ಹೊರವಲಯದ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಪ್ರಯಾಣಿಕರ ವಾಹನವೊಂದು ಅಪ್ಪಳಿಸಿ ಹನ್ನೆರಡಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೆಂಗಳೂರು–ಹೈದರಾಬಾದ್ ಹೆದ್ದಾರಿ, ನಂದಿಬೆಟ್ಟದ ವಾರಾಂತ್ಯದ ವಾಹನಸಂದಣಿ, ಸುತ್ತಲಿನ ಹಳ್ಳಿಗಳು: ವಿದ್ಯಾಲಯ ಮತ್ತು ವಿದ್ಯೆಯ ಅಗತ್ಯ ಎರಡೂ ಇಲ್ಲಿ ಒಂದೇ ನೆಲದಲ್ಲಿವೆ. (ನಂದಿಯ ಗೋಪಿನಾಥ ಬೆಟ್ಟದಲ್ಲಿ ಅರ್ಹಂತರ ಚೈತ್ಯವನ್ನು ಸ್ಮರಿಸುವ ಪ್ರಾಚೀನ ಶಾಸನವಿರುವುದನ್ನು ಬಲ್ಲ ಶ್ರಾವಕರಿಗೆ ಈ ನೆಲ ಪರಕೀಯವೂ ಅಲ್ಲ.) ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಆದರೆ ರಕ್ತಸಂಚಾರ ನಿಂತ ಮೆದುಳು ನಾಲ್ಕಾರು ನಿಮಿಷಗಳಲ್ಲೇ ಹಾನಿಗೀಡಾಗತೊಡಗುತ್ತದೆ. ಅಷ್ಟರೊಳಗೆ ವಾಹನ ಬಾರದು. ಹತ್ತಿರ ನಿಂತವನಿಗೆ ಬಂದರೆ ಬರಬಹುದಾದದ್ದು ವಿದ್ಯೆ ಮಾತ್ರ, ಅದೂ ಯಾರೋ ಮೊದಲೇ ಕಲಿಸಿದ್ದರೆ.

ಈ ಬೋಧನಕ್ರಮದ ಮೂಲದಲ್ಲಿ ಒಂದು ದುರಂತವಿದೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಶಸ್ತ್ರವೈದ್ಯರು ನಡೆಸುತ್ತಿದ್ದ ಸಣ್ಣ ವಿಮಾನ ಹೊಲವೊಂದರಲ್ಲಿ ಬಿದ್ದಿತು. ಪತ್ನಿ ಅಲ್ಲೇ ಮೃತರಾದರು, ಮಕ್ಕಳು ಗಾಯಗೊಂಡರು. ಬಳಿಯ ಸಣ್ಣ ಆಸ್ಪತ್ರೆಯಲ್ಲಿ ದೊರೆತ ಆರೈಕೆಯನ್ನು ಕಂಡು ಅವರು ನೊಂದರು. ಅಲ್ಲಿನ ಜನರಲ್ಲಿ ದಯೆಗೆ ಕೊರತೆಯಿತ್ತೆಂದಲ್ಲ, ಯಾವುದನ್ನು ಮೊದಲು ಮಾಡಬೇಕೆಂಬ ಕ್ರಮ ಅವರಿಗೆ ತಿಳಿದಿರಲಿಲ್ಲ. ಸ್ಟೈನರ್ ಮೊಕದ್ದಮೆಯ ದಾರಿ ಹಿಡಿಯದೆ ಸಹೋದ್ಯೋಗಿಗಳೊಡನೆ ಪಾಠಕ್ರಮವೊಂದನ್ನು ರಚಿಸಿದರು. 1978ರಲ್ಲಿ ಅದರ ಮೊದಲ ಶಿಬಿರ ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಅದನ್ನು ಸ್ವೀಕರಿಸಿತು. ಇಂದು ಅದು ಲೋಕದ ಅನೇಕ ದೇಶಗಳಲ್ಲಿ ಹರಡಿದೆ. ಕ್ರೋಧಕ್ಕೆ ಸಕಲ ಕಾರಣಗಳಿದ್ದ ಮನುಷ್ಯನೊಬ್ಬ ಅದನ್ನು ಪಾಠವಾಗಿ ಪರಿವರ್ತಿಸಿದುದು ಕಷಾಯವಿಜಯದ ಲೌಕಿಕ ನಿದರ್ಶನವೆಂದರೆ ಅತಿಶಯೋಕ್ತಿಯಾಗದು.

ಆ ಕ್ರಮದಲ್ಲಿ ಗಮನಾರ್ಹವಾದ ನಿಯಮವೊಂದಿದೆ. ಕಲಿತವರೆಲ್ಲರೂ ಕಲಿಸಲು ಅರ್ಹರಲ್ಲ. ಶಿಬಿರದಲ್ಲಿ ಬೋಧನಶಕ್ತಿ ಕಂಡುಬಂದವರನ್ನು ಮಾತ್ರ ಆರಿಸಿ, ಅವರಿಗೆ ಬೇರೆಯೇ ಶಿಕ್ಷಣ ಕೊಡುತ್ತಾರೆ. ಅಮೆರಿಕದ ಹೃದಯ ಸಂಘದ ಕ್ರಮದಲ್ಲಿಯೂ ಹೀಗೆಯೇ. ಮೊದಲು ಸ್ವತಃ ವಿದ್ಯೆಯಲ್ಲಿ ಉತ್ತೀರ್ಣನಾಗಬೇಕು, ಅನಂತರ ಬೋಧಕ ಶಿಕ್ಷಣ ಪಡೆಯಬೇಕು, ಅದರ ಮೇಲೆ ಹಿರಿಯರೊಬ್ಬರ ಕಣ್ಣೆದುರಿನಲ್ಲಿ ಪಾಠ ಮಾಡಿ ತೋರಿಸಬೇಕು. ಎರಡು ವರ್ಷಗಳಿಗೊಮ್ಮೆ ಪುನಃ ಪರೀಕ್ಷೆ. ಜೈನರಿಗೆ ಈ ಭೇದ ಹೊಸದಲ್ಲ. ಪಂಚಪರಮೇಷ್ಠಿಗಳಲ್ಲಿ ಸಾಧುವೂ ಪೂಜ್ಯನೇ, ಉಪಾಧ್ಯಾಯನೂ ಪೂಜ್ಯನೇ. ಆದರೂ ಪದವಿಗಳು ಎರಡು. ಆಚಾರ್ಯನ ಲಕ್ಷಣವನ್ನು ಹೇಳುವಾಗ, ತಾನು ಆಚರಿಸಿ ಇತರರಿಂದ ಆಚರಿಸುವಂತೆ ಮಾಡುವವನು ಎಂದು ಎರಡನ್ನೂ ಜೋಡಿಸಿ ಹೇಳುತ್ತಾರೆ. ಉತ್ತಮ ಸಾಧಕನಾದ ಮಾತ್ರಕ್ಕೆ ಉತ್ತಮ ಬೋಧಕನಾಗುವುದಿಲ್ಲ. ಕೈಯಲ್ಲಿರುವ ಕೌಶಲ ನಾಲಗೆಗೆ ಬರಬೇಕು, ನಾಲಗೆಯಿಂದ ಇನ್ನೊಬ್ಬನ ಕೈಗೆ ಇಳಿಯಬೇಕು.

ಇಲ್ಲಿಂದ ಮುಂದಿನ ಪ್ರಶ್ನೆ ತೊಡಕಿನದು. ಹಿಂಸೆಯನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ವಿಭಜಿಸುವುದು ಜೈನಾಚಾರದ ಸೂಕ್ಷ್ಮತೆ. ರೋಗಿಯ ಬಳಿ ನಿಂತ ವೈದ್ಯನು ತಪ್ಪಿದರೆ ಅದು ಕೃತ, ಒಂದು ಜೀವಕ್ಕೆ ಸೀಮಿತ. ಬೋಧಕನು ಕಾರಿತದ ಸ್ಥಾನದಲ್ಲಿದ್ದಾನೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅಂಥ ಕಾರ್ಯದಲ್ಲಿ ಲಿಪಿಕಾರರ ಮುಂದಿಡುವ ಮೂಲಪ್ರತಿಯಲ್ಲೇ ಅಕ್ಷರವೊಂದು ತಪ್ಪಿದ್ದರೆ ಸಾವಿರ ಓಲೆಗಳಲ್ಲಿಯೂ ಅದೇ ತಪ್ಪು. ಬೋಧಕನು ಅಂಥ ಮೂಲಪ್ರತಿ. ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಲ್ಲಿ ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ಆರನ್ನು ಮೀರದಂತೆ ಒತ್ತಬೇಕೆಂದು ವಿಧಿಯಿದೆ. ಅಷ್ಟು ಒತ್ತಿದಾಗ ಪಕ್ಕೆಲುಬು ಮುರಿಯುವುದೂ ಉಂಟು. ಹೊಸಬನ ಕೈ ಅಲ್ಲಿ ಹಿಂಜರಿಯುತ್ತದೆ. ಆ ಹಿಂಜರಿಕೆಗೆ ದಯೆಯೆಂಬ ಹೆಸರು ಕೊಟ್ಟು ಸುಮ್ಮನಾಗುವ ಬೋಧಕನು ಒಂದು ಪ್ರಾಣದ ಹಾನಿಗೆ ದಾರಿ ಮಾಡಿದಂತೆ. ಪ್ರಮಾದದಿಂದ ಪ್ರಾಣಕ್ಕೆ ಹಾನಿ ತಗಲಿಸುವುದನ್ನು ಹಿಂಸೆಯೆಂದು ಉಮಾಸ್ವಾಮಿಗಳು ನಿರ್ವಚಿಸಿದ್ದಾರೆ. ಎಚ್ಚರದಿಂದ ಒತ್ತಿದ ಕೈಯಲ್ಲಿ ಮೂಳೆ ಮುರಿದರೂ ಪ್ರಮಾದವಿಲ್ಲ. ಮೆತ್ತಗೆ ಒತ್ತಿ ಸಾಯಗೊಟ್ಟ ಕೈಯಲ್ಲಿ, ಸರಿಯಾದುದನ್ನು ಕಲಿಯುವ ಅವಕಾಶವಿದ್ದೂ ಕಲಿಯದಿದ್ದರೆ, ಪ್ರಮಾದವಿದೆ.

ಇನ್ನು ಅನುಮೋದನೆ. ಶುಲ್ಕ ಕಟ್ಟಿದ್ದಾನೆ, ದೂರದಿಂದ ಬಂದಿದ್ದಾನೆ, ಸಂಘಟಕರಿಗೆ ಸಂಖ್ಯೆ ಬೇಕಾಗಿದೆ ಎಂಬ ಕಾರಣಗಳಿಂದ, ಕೈ ಇನ್ನೂ ಪಳಗದವನಿಗೆ ಪ್ರಮಾಣಪತ್ರ ಕೊಡುವುದು ದಾಕ್ಷಿಣ್ಯವೆನಿಸಬಹುದು. ಆದರೆ ಆ ಕಾಗದವನ್ನು ನಂಬಿ ಇನ್ನೊಬ್ಬನು ತನ್ನ ತಂದೆಯನ್ನು ಅವನ ಕೈಗೊಪ್ಪಿಸುತ್ತಾನೆ. ಅಲ್ಲಿ ಅಸತ್ಯ ಮತ್ತು ಹಿಂಸೆ ಒಂದೇ ಸಹಿಯಲ್ಲಿ ಸೇರುತ್ತವೆ. ಅಣುವ್ರತಿಯಾದ ಬೋಧಕನಿಗೆ ಎಲ್ಲಕ್ಕಿಂತ ಕಠಿನವಾದ ಕಾರ್ಯವೆಂದರೆ ಅನುತ್ತೀರ್ಣನೆಂದು ಹೇಳಿ, ಪುನಃ ಕಲಿಸಲು ಕುಳಿತುಕೊಳ್ಳುವುದು.

ಇದಕ್ಕೆ ಎದುರಾಗಿ ಗಂಭೀರವಾದ ಆಕ್ಷೇಪವೊಂದಿದೆ. ತಾಲ್ಲೂಕು ಆಸ್ಪತ್ರೆಯ ಅನುಭವಿ ದಾದಿಯೊಬ್ಬಳು ತಿಂಗಳಲ್ಲಿ ನಾಲ್ಕು ದಿನ ಪಾಠಕ್ಕೆ ಹೋದರೆ, ಆ ನಾಲ್ಕು ದಿನ ಬಂದ ರೋಗಿಯ ಗತಿಯೇನು? ಅವಳು ಇಪ್ಪತ್ತು ಜನರನ್ನು ತಯಾರುಮಾಡುತ್ತಾಳೆ, ಅವರು ನೂರು ಜನರನ್ನು ಉಳಿಸುತ್ತಾರೆ ಎಂಬ ಗಣಿತದಿಂದ ಉತ್ತರಿಸುವುದು ಸುಲಭ. ಅಹಿಂಸಾಧರ್ಮ ಈ ಗಣಿತವನ್ನು ಸುಲಭವಾಗಿ ಒಪ್ಪದು. ಎದುರಿಗಿರುವ ಜೀವ ನೂರರಲ್ಲಿ ಒಂದಲ್ಲ, ಅದು ಪೂರ್ಣ ಜೀವ. ಆದಕಾರಣ ಪಾಠಕ್ಕೆ ಕಳುಹಿಸುವ ಸಂಸ್ಥೆ ಬದಲಿಯನ್ನು ನಿಲ್ಲಿಸಿಯೇ ಕಳುಹಿಸಬೇಕು. ನಿಲ್ಲಿಸದೆ ಕಳುಹಿಸಿದರೆ ಆ ಪ್ರಮಾದ ದಾದಿಯದಲ್ಲ, ಆಡಳಿತದ್ದು. ಅಂತೆಯೇ ಬೋಧಕನಾದವನು ಶಾಶ್ವತವಾಗಿ ರೋಗಿಯನ್ನು ಬಿಡುವುದೂ ತರವಲ್ಲ. ವಾರ್ಡಿನ ನೆಲ ಮರೆತವನ ಪಾಠ ಕೆಲವೇ ವರ್ಷಗಳಲ್ಲಿ ಒಣಗುತ್ತದೆ.

ಆದರೆ ಸಮಯವಿದ್ದೂ, ಶಕ್ತಿಯಿದ್ದೂ, ಇನ್ನೊಬ್ಬ ತನಗೆ ಸಮನಾದಾನು ಎಂಬ ಅಳುಕಿನಿಂದ ಕಲಿಸದಿರುವವನ ಸ್ಥಿತಿ ಬೇರೆ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರ ನಿಹ್ನವವನ್ನೂ ಮಾತ್ಸರ್ಯವನ್ನೂ ಹೆಸರಿಸುತ್ತದೆ: ತಿಳಿದುದನ್ನು ಮರೆಮಾಚುವುದು, ಯೋಗ್ಯನಿಗೂ ಕೊಡದಿರುವುದು. ಕೈಗುಣವೆಂಬ ಹೆಸರಿನಲ್ಲಿ ವಿದ್ಯೆಯನ್ನು ಗುಟ್ಟಾಗಿಡುವ ಹಳೆಯ ರೂಢಿ ವೈದ್ಯವೃತ್ತಿಯಲ್ಲಿ ಇನ್ನೂ ಅಳಿದಿಲ್ಲ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ಬರೆದಿಡದೆ ತಮ್ಮ ಕೈಯಲ್ಲಿಯೇ ಇಟ್ಟುಕೊಂಡಿದ್ದರೆ, ಮದ್ಯ, ಮಾಂಸ, ಮಧುಗಳಿಲ್ಲದ ಆ ಚಿಕಿತ್ಸಾಕ್ರಮ ಅವರೊಡನೆಯೇ ಮುಗಿಯುತ್ತಿತ್ತು.

ಬಸದಿಗಳ ಟ್ರಸ್ಟುಗಳಿಗೆ ಈ ವಿಷಯದಲ್ಲಿ ಕರ್ತವ್ಯವಿದೆ. ದಾನಿಗಳು ಆಂಬುಲೆನ್ಸ್ ಕೊಡಲು ಮುಂದೆ ಬರುತ್ತಾರೆ, ಅದರ ಬಾಗಿಲ ಮೇಲೆ ಹೆಸರು ಬರೆಯಲು ಸ್ಥಳವಿದೆ. ಬೋಧಕನೊಬ್ಬನ ಶಿಕ್ಷಣದ ವೆಚ್ಚ ಕೊಟ್ಟವನ ಹೆಸರನ್ನು ಎಲ್ಲಿ ಬರೆಯುವುದು? ಹೆಸರಿಲ್ಲದ ಈ ದಾನ ಅಪರಿಗ್ರಹಕ್ಕೆ ಹತ್ತಿರವಾದುದೆಂಬ ಸಮಾಧಾನ ಸಾಕು. ವೈದ್ಯಶಿಕ್ಷಣದ ಪ್ರವೇಶಹಂತದಲ್ಲಿಯೇ ಪ್ರಥಮ ಚಿಕಿತ್ಸೆ ಮತ್ತು ಜೀವರಕ್ಷಣೆಯ ಮೂಲಪಾಠ ಇಂದು ಸೇರಿದೆ. ಆದಕಾರಣ ಮುದ್ದೇನಹಳ್ಳಿಯಂಥ ವಿದ್ಯಾಕೇಂದ್ರಗಳಿಂದ ಹೊರಬರುವ ತರುಣರಲ್ಲಿ ಬೋಧನಶಕ್ತಿಯುಳ್ಳವರನ್ನು ಗುರುತಿಸಿ ನೆರವಾಗುವುದು ಅಸಾಧ್ಯವಲ್ಲ. ಅವರಲ್ಲಿ ಕನ್ನಡದಲ್ಲಿ ಕಲಿಸಬಲ್ಲವರಿಗೆ ಮೊದಲ ಮನ್ನಣೆ ಸಲ್ಲಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ವೃದ್ಧ ಯಾತ್ರಿಕರೊಬ್ಬರು ನಡುಮೆಟ್ಟಿಲಲ್ಲಿ ಕುಸಿದರೆ ಮೊದಲು ತಲುಪುವವರು ಡೋಲಿ ಹೊರುವವರು, ಕಾವಲುಗಾರರು ಮತ್ತು ಹೂವು ಮಾರುವವರು. ಅವರ ಪ್ರಶ್ನೆಗಳಿಗೆ ಅವರ ಮಾತಿನಲ್ಲಿಯೇ ಉತ್ತರ ಕೊಡಬಲ್ಲ ಒಬ್ಬ ಬೋಧಕನು ವರ್ಷಕ್ಕೆರಡು ಬಾರಿ ಬಂದು, ಪ್ರತಿಯೊಬ್ಬನ ಕೈಯನ್ನೂ ಬೊಂಬೆಯ ಎದೆಯ ಮೇಲಿಡಿಸಿ ಪರೀಕ್ಷಿಸಿ ಹೋಗಬೇಕಾಗಿದೆ.