ಕಣ್ಣಿಲ್ಲದ ಗೆಡ್ಡೆ

ನಮ್ಮ ಸಾಗರದ ಕಡೆ ಡೇಲಿಯಾಕ್ಕೆ ಡೇರೆ ಹೂವು ಅನ್ನುತ್ತಾರೆ. ಮೆಕ್ಸಿಕೋ ಮೂಲದ ಗಿಡ. 1791ರಲ್ಲಿ ಮ್ಯಾಡ್ರಿಡ್‌ನ ಸಸ್ಯವಿಜ್ಞಾನಿಯೊಬ್ಬರು ಸ್ವೀಡನ್ನಿನ ಆಂಡರ್ಸ್ ಡಾಲ್ ಹೆಸರನ್ನು ಇದಕ್ಕಿಟ್ಟರು. ಮಲೆನಾಡಿನ ಅಂಗಳದಲ್ಲಿ ಅದು ಡೇರೆಯಾಯಿತು. ಗುಡಾರಕ್ಕೂ ಅದೇ ಪದ. ಊರು ಬಿಟ್ಟವರಿಗೆ ಒಪ್ಪುವ ಹೂವು.

ನಾನು ಕೆಲಸಕ್ಕೆಂದು ನಿಫಾಡಿಗೆ ಹೊರಟಾಗ ಅಮ್ಮ ಒಂದು ಬುಡ ಗೆಡ್ಡೆ ಕಟ್ಟಿಕೊಟ್ಟಿದ್ದಳು. ಊರಲ್ಲಿ ಮಳೆ ಹಿಡಿಯುವಾಗ ನೆಡುತ್ತಾರೆ. ಇಲ್ಲಿಯ ಕಪ್ಪು ಮಣ್ಣಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಅದಕ್ಕೇ ಮಳೆ ಕಳೆದ ಮೇಲೆ ನೆಟ್ಟೆ. ಚಳಿಗೆ ಹೆದರಿ ದ್ರಾಕ್ಷಿತೋಟಗಳಲ್ಲಿ ಬೆಂಕಿ ಹಾಕುವ ದಿನಗಳಲ್ಲಿ ನನ್ನಂಗಳದಲ್ಲಿ ಹೂವಿತ್ತು. ಬಿಸಿಲು ಏರುವ ಮುಂಚೆ ಗೆಡ್ಡೆ ಕಿತ್ತು ಒಣ ಮರಳಲ್ಲಿ ಇಟ್ಟೆ.

ಪಕ್ಕದ ಮನೆಯ ಕಾಕು ನನಗೂ ಕೊಡು ಎಂದಿದ್ದರು. ಮತ್ತೆ ನೆಡುವ ಕಾಲಕ್ಕೆ ಬುಡ ಬಿಡಿಸಿದೆ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಗೆ ಹಾಗಲ್ಲ. ಹಳೆಯ ಕಾಂಡ ಸೇರುವ ಕೊರಳಿನಲ್ಲಷ್ಟೇ ಕಣ್ಣು. ಅದಿಲ್ಲದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ. ಕಣ್ಣಿದ್ದವು ನಾಲ್ಕೇ ಇದ್ದವು. ಅವನ್ನು ನನಗಿಟ್ಟುಕೊಂಡು, ಕೊರಳು ಮುರಿದ ಎರಡು ದಪ್ಪ ಗೆಡ್ಡೆಗಳನ್ನು ಕಾಕುವಿನ ಕೈಗಿಟ್ಟೆ. "ಇಷ್ಟು ದೊಡ್ಡವು ನನಗಾ?" ಎಂದು ಅವರು ಹಿಗ್ಗಿದರು.

ತಿಂಗಳು ನೀರು ಹಾಕಿದರು. ಆಮೇಲೆ ಒಂದು ದಿನ, "ನನ್ನ ಕೈಗುಣವೇ ಸರಿಯಿಲ್ಲ ನೋಡು" ಎಂದರು.

ನಾನು ಸುಳ್ಳಾಡಿರಲಿಲ್ಲ. ಆದರೆ ನನ್ನ ಜಿಪುಣತನದ ಹೊಣೆಯನ್ನು ಆ ಹೆಂಗಸು ತನ್ನ ಕೈಗೆ ಹಚ್ಚಿಕೊಂಡಿದ್ದರು. ಕೊಡದೇ ಇದ್ದಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲ. ಇಲ್ಲ ಎಂದವನು ಆಸೆಯನ್ನಷ್ಟೇ ಮುರಿಯುತ್ತಾನೆ; ಬರಡನ್ನು ಕೊಟ್ಟವನು ಪಡೆದವರಿಗೆ ತಮ್ಮ ಮೇಲಿದ್ದ ನಂಬಿಕೆಯನ್ನೇ ಮುರಿಯುತ್ತಾನೆ.

ಚಿಗುರಿದ್ದ ಒಂದು ಗಿಡವನ್ನು ಮಣ್ಣುಸಮೇತ ಎತ್ತಿಕೊಂಡು ಹೋಗಿ, ನಡೆದದ್ದನ್ನು ಹೇಳಿದೆ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗಲೇ ಹೇಳಬಾರದಿತ್ತಾ?" ಎಂದರು. ಗಿಡ ತೆಗೆದುಕೊಂಡರು, ಚಹಾಕ್ಕೆ ಕರೆಯಲಿಲ್ಲ.

ಅಂದು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ತಿಂಗಳ ದುಡ್ಡು ತಪ್ಪದೇ ಕಳಿಸುತ್ತೇನೆ, ಕಳೆದ ವರ್ಷ ಹೆಚ್ಚಿಸಿದ್ದೇನೆ ಕೂಡ. "ದುಡ್ಡು ಬಂತು. ನೀ ಯಾವಾಗ ಬರ್ತೆ?" ಎಂದಳು. ಎರಡು ವರ್ಷದಿಂದ ಈ ಪ್ರಶ್ನೆಗೆ "ನೋಡೋಣ" ಎನ್ನುತ್ತಿದ್ದೇನೆ. ಈ ಸಲ ಆ ಮಾತು ಬಾಯಿಗೆ ಬರಲಿಲ್ಲ.