ಗಾಳಿ ಒಗ್ಗಿದ್ದು ಯಾರಿಗೆ?

ಪರವೂರಿಗೆ ಹೋಗಿ ಕಾಯಿಲೆ ಬಿದ್ದವರು 'ಅಲ್ಲಿಯ ನೀರು ನನಗೆ ಒಗ್ಗಲಿಲ್ಲ' ಎನ್ನುತ್ತಾರೆ. ಗಂಡನ ಮನೆಗೆ ಹೊರಟ ಮಗಳಿಗೆ ಹಿರಿಯರು 'ಹೊಂದಿಕೊಂಡು ಹೋಗಮ್ಮ' ಎನ್ನುತ್ತಾರೆ. ಎರಡನೆಯ ಮಾತಿನಲ್ಲಿ ಕರ್ತೃ ಮನುಷ್ಯ. ಕಷ್ಟಪಡುವವಳೂ ಬದಲಾಗುವವಳೂ ಅವಳೇ. ಮೊದಲನೆಯದರಲ್ಲಿ ಕರ್ತೃ ನೀರು. ಒಗ್ಗುವುದು ಬಿಡುವುದು ಮನುಷ್ಯನ ಕೈಯಲ್ಲಿಲ್ಲ. 'ಶಿಲಾಯುಗದ ಬೇಟೆಗಾರರು ಎತ್ತರದ ಪ್ರಸ್ಥಭೂಮಿಗಳಿಗೆ ಹೊಂದಿಕೊಂಡರು' ಎಂಬ ವಾಕ್ಯ ಓದಿದಾಗಲೆಲ್ಲ ನನಗೆ ಈ ವ್ಯತ್ಯಾಸ ನೆನಪಾಗುತ್ತದೆ. ಆ ಒಂದು ಕ್ರಿಯಾಪದದ ಅಡಿಯಲ್ಲಿ ಎರಡು ಬೇರೆ ಸಂಗತಿಗಳಿವೆ, ಒಂದಂತೂ ಸಾವಿನ ಕಥೆ.

ದಕ್ಷಿಣ ಪೆರುವಿನಲ್ಲಿ, ಆಂಡೀಸ್ ಪರ್ವತಗಳ ಪುಕುಂಚೊ ಬಯಲಿನಲ್ಲಿ, ಕುಂಕೈಚಾ ಎಂಬ ಕಲ್ಲಾಸರೆಯಿದೆ. ಎತ್ತರ 4,480 ಮೀಟರ್. ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಲ ದಂಡೆಯಲ್ಲಿ ಸಿಗುವುದರ ಸುಮಾರು ಶೇ. 60 ಮಾತ್ರ. ಸುತ್ತ ಮರಗಳಿಲ್ಲ. ಸುಮಾರು 12,000 ವರ್ಷಗಳ ಹಿಂದೆಯೇ ಇಲ್ಲಿ ಜನ ತಂಗಿದ್ದರು, ಬೆಂಕಿ ಹಾಕಿದ್ದರು. ಒಂಟೆಯ ಬಳಗಕ್ಕೆ ಸೇರಿದ ವಿಕುನ್ಯಾ, ಗ್ವಾನಾಕೊಗಳನ್ನು ಬೇಟೆಯಾಡಿ ತಂದು ಕೊಯ್ದಿದ್ದರು. ಗಾಜಿನಂತೆ ಹೊಳೆಯುವ ಜ್ವಾಲಾಮುಖಿ ಶಿಲೆ ಅಬ್ಸಿಡಿಯನ್‌ನಿಂದ ಈಟಿಮೊನೆ ಮಾಡಿಕೊಂಡಿದ್ದರು. ಚರ್ಮ ಹೆರೆಯುವ ಕಲ್ಲುಗಳೂ ಅವರಲ್ಲಿದ್ದವು. ಕೆಳಗೆ ಬದುಕಲಾಗದವರು ದಿಕ್ಕುಗೆಟ್ಟು ಮೇಲೇರಿರಬೇಕು ಎಂದು ನಾವು ಸುಲಭವಾಗಿ ಊಹಿಸುತ್ತೇವೆ. ಆದರೆ ಈ ಎತ್ತರನಾಡಿನ ಅಬ್ಸಿಡಿಯನ್ ಅದೇ ಕಾಲದ ಕಡಲತೀರದ ಬೀಡುಗಳಲ್ಲೂ ಸಿಕ್ಕಿದೆ. ಮೇಲೆ ಏನಿದೆ, ಯಾವ ದಾರಿ ಹಿಡಿಯಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಥಿಯೋಪಿಯದ ಬಾಲೆ ಪರ್ವತಗಳ ಫಿಂಚಾ ಹಬೇರಾದಲ್ಲಿ, 3,469 ಮೀಟರ್ ಎತ್ತರದಲ್ಲಿ, 47,000ದಿಂದ 31,000 ವರ್ಷಗಳ ಹಿಂದಿನ ಜನ ಬಿಲದ ದೊಡ್ಡ ಇಲಿಗಳನ್ನು ಸುಟ್ಟು ತಿನ್ನುತ್ತಿದ್ದರು. ಹಿಮನದಿಗಳ ನೆರೆಯಲ್ಲಿ, ಹಿಡಿಯಲು ಸುಲಭವಾದ, ಧಾರಾಳವಾಗಿ ಸಿಗುವ ಮಾಂಸ ಯಾವುದೆಂದು ಯಾರೋ ಕಂಡುಕೊಂಡರು, ಮಕ್ಕಳಿಗೆ ತೋರಿಸಿಕೊಟ್ಟರು.

ಇದನ್ನು ಹೊಂದಿಕೊಳ್ಳುವುದು ಎನ್ನಲು ನನ್ನ ತಕರಾರಿಲ್ಲ. ಮೊದಲ ತಲೆಮಾರಿನವರ ಪುಪ್ಪುಸ ತಗ್ಗುನಾಡಿನವರದೇ. ಲೇಹ್‌ಗೆ ಹೋದ ನಮ್ಮವರಂತೆಯೇ ಅವರಿಗೂ ತಲೆ ಸಿಡಿದಿರಬೇಕು, ಏದುಸಿರು ಬಂದಿರಬೇಕು, ಕೆಲವು ವಾರಗಳಲ್ಲಿ ಕೆಂಪು ರಕ್ತಕಣಗಳು ಹೆಚ್ಚಿರಬೇಕು. ಉಳಿದದ್ದನ್ನೆಲ್ಲ ನಿಭಾಯಿಸಿದ್ದು ಬೆಂಕಿ, ತೊಗಲು, ತಿಳಿವಳಿಕೆ.

ಇನ್ನೊಂದು ಸಂಗತಿ ಬಸಿರಿನದು. ಎತ್ತರದಲ್ಲಿ ಗರ್ಭಕ್ಕೆ ಆಮ್ಲಜನಕ ಸಾಲದು. ಮಗು ಸಣ್ಣದಾಗಿ ಹುಟ್ಟುತ್ತದೆ, ತಾಯಿಗೂ ಅಪಾಯ ಹೆಚ್ಚು. ಹೆಚ್ಚಿನ ಟಿಬೆಟಿಯನ್ನರಲ್ಲಿ ಇಪಿಎಎಸ್1 ಎಂಬ ಜೀನಿನ ಒಂದು ವಿಶೇಷ ರೂಪವಿದೆ. ರಕ್ತಕಣಗಳು ಅತಿಯಾಗಿ ರಕ್ತ ಮಂದವಾಗದಂತೆ ಅದು ತಡೆಯುತ್ತದೆ. ಅದು ಜನರಲ್ಲಿ ಹರಡಿದ್ದು ಹೇಗೆ? ಆ ರೂಪವಿದ್ದವರ ಮಕ್ಕಳು ಹೆಚ್ಚು ಉಳಿದರು, ಇಲ್ಲದವರ ಮಕ್ಕಳು ಅಷ್ಟು ಉಳಿಯಲಿಲ್ಲ. ಕೂಸನ್ನು ಮಣ್ಣು ಮಾಡಿದ ತಾಯಿ ಯಾವುದಕ್ಕೂ ಹೊಂದಿಕೊಳ್ಳಲಿಲ್ಲ. ಪಕ್ಕದ ಬೀಡಿನಲ್ಲಿ ಕೂಸು ಬದುಕಿದ ತಾಯಿಯೂ ಏನನ್ನೂ ಮಾಡಿರಲಿಲ್ಲ. ಗಾಳಿ ಅವಳ ಕೂಸಿಗೆ ಒಗ್ಗಿತು, ಅಷ್ಟೆ. ಇಷ್ಟಕ್ಕೂ ಆ ರೂಪ ಡೆನಿಸೋವನ್ನರೆಂಬ ಬೇರೊಂದು ಮಾನವ ಕುಲದಿಂದ ಬಂದದ್ದೆಂದು 2014ರಲ್ಲಿ ತಿಳಿಯಿತು. ಟಿಬೆಟ್ ಪ್ರಸ್ಥಭೂಮಿಯ ಅಂಚಿನ ಗುಹೆಯೊಂದರಲ್ಲಿ, 3,280 ಮೀಟರ್ ಎತ್ತರದಲ್ಲಿ, 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ಸಿಕ್ಕ ದವಡೆ ಆ ಕುಲದ್ದೇ. ಕನಿಷ್ಠ 1,60,000 ವರ್ಷ ಹಳೆಯದು.

ಪದಗಳ ಬಗ್ಗೆ ಇಷ್ಟೇಕೆ ಹಠ, ವಿಜ್ಞಾನಿಗಳಿಗೆ ಅದು ಬರೀ ಪಾರಿಭಾಷಿಕ ಶಬ್ದವಲ್ಲವೇ ಎಂದು ಕೇಳಬಹುದು. ಆದರೆ ಪಾರಿಭಾಷಿಕ ಶಬ್ದಕ್ಕೂ ವ್ಯಾಕರಣವಿದೆ. ಅದು ಕರ್ತೃವನ್ನು ಹುಡುಕಿಸುತ್ತದೆ, ಇಲ್ಲದಿದ್ದರೆ ಸೃಷ್ಟಿಸುತ್ತದೆ. ಕೆಲಸ ಮುಗಿಯಿತು ಎಂಬ ಭಾವನೆಯನ್ನೂ ಕೊಡುತ್ತದೆ. ಆಂಡೀಸ್‌ನ ಜನರಲ್ಲಿ ಟಿಬೆಟಿಯನ್ನರಿಗಿಂತ ಹಿಮೋಗ್ಲೋಬಿನ್ ಹೆಚ್ಚು. ಅಲ್ಲೇ ಹುಟ್ಟಿ ಬೆಳೆದವರಲ್ಲೂ ಕೆಲವರಿಗೆ ರಕ್ತ ಮಂದವಾಗಿ ಮೊಂಗೆ ಕಾಯಿಲೆ ಬರುತ್ತದೆ. ಸಾವಿರಾರು ವರ್ಷಗಳಾದ ಮೇಲೂ ಆ ಗಾಳಿ ಎಲ್ಲರಿಗೂ ಒಗ್ಗಿಲ್ಲ.

ಪೆರುವಿನದೇ ವಿಲಮಾಯ ಪಟ್ಜಾ ಎಂಬ ಎತ್ತರದ ನೆಲೆಯಲ್ಲಿ ಸುಮಾರು 9,000 ವರ್ಷಗಳ ಹಿಂದಿನ ಒಂದು ಸಮಾಧಿ ಸಿಕ್ಕಿದೆ. 17ರಿಂದ 19ರ ಹರೆಯದ ಹೆಣ್ಣು. ಪಕ್ಕದಲ್ಲಿ ಈಟಿಮೊನೆಗಳು, ಪ್ರಾಣಿಯನ್ನು ಕೊಯ್ಯುವ, ತೊಗಲು ಹೆರೆಯುವ ಕಲ್ಲುಗಳು, ಕೆಮ್ಮಣ್ಣು, ಒಂದು ಚೀಲದಲ್ಲಿ ಇಟ್ಟಿದ್ದಿರಬೇಕೆಂಬಂತೆ ಒಟ್ಟಾಗಿದ್ದವು. ತನ್ನ ರಕ್ತದಲ್ಲಿ ಏನಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಆ ಕಲ್ಲುಗಳಲ್ಲಿ ಯಾವುದನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂದು ಗೊತ್ತಿತ್ತು. ಯಾರೋ ಜೊತೆಗೆ ಕೂತು ಕಲಿಸಿದ್ದರು.