ಮಾಡಿದ್ದುಣ್ಣುವ ಶಿಬಿರ

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತನ್ನು ನಾವು ಬಳಸುವುದು ಬೈಯುವುದಕ್ಕೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ (1859–1952) ಕಲಿಕೆಯ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ, ಬೈಗುಳವೊಂದನ್ನು ಬಿಟ್ಟು. ಮಗು ದೀಪದ ಕುಡಿಗೆ ಬೆರಳಿಟ್ಟಿತು ಎಂದಷ್ಟಕ್ಕೇ ಅದು ಅನುಭವವಾಗುವುದಿಲ್ಲ, ಬೆರಳಿಟ್ಟದ್ದಕ್ಕೂ ಉರಿಗೂ ಇರುವ ನಂಟು ಅದಕ್ಕೆ ಹೊಳೆಯಬೇಕು ಎನ್ನುತ್ತಾರೆ ಅವರು, 1916ರ ‘ಡೆಮಾಕ್ರಸಿ ಅಂಡ್ ಎಜುಕೇಶನ್’ ಪುಸ್ತಕದಲ್ಲಿ. ಮಾಡುವುದು, ಅದರ ಫಲ ಉಣ್ಣುವುದು, ಎರಡನ್ನೂ ಬೆಸೆದು ನೋಡುವುದು. ಕನ್ನಡದ ‘ಅನುಭವಿಸು’ ಎಂಬ ಒಂದೇ ಪದದಲ್ಲಿ ಸುಖಪಡುವುದೂ ಇದೆ, ಪಾಡುಪಡುವುದೂ ಇದೆ. ಡ್ಯೂಯಿಗೆ ಈ ಪದ ಇಷ್ಟವಾಗುತ್ತಿತ್ತೇನೋ.

ಶಾಲೆಯ ಒಂದು ದಿನದ ಪಿಕ್‌ನಿಕ್ಕಿಗೂ ಕಾಡಂಚಿನಲ್ಲಿ ಮೂರು ರಾತ್ರಿ ಉಳಿಯುವ ಶಿಬಿರಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಪಿಕ್‌ನಿಕ್ಕಿನಲ್ಲಿ ಕಾಲುಚೀಲ ಒದ್ದೆ ಮಾಡಿಕೊಂಡವನು ಸಂಜೆ ಅದನ್ನು ಬಚ್ಚಲಿಗೆ ಎಸೆಯುತ್ತಾನೆ. ಮಾಡಿದವನು ಅವನು, ಉಣ್ಣುವವಳು ಅಮ್ಮ. ಶಿಬಿರದಲ್ಲಿ ಬೆಳಗಾದರೂ ಕಾಲುಚೀಲ ಒದ್ದೆಯೇ. ಮೇಷ್ಟ್ರು ಹೇಳಿದ್ದನ್ನು ಕೇಳದೆ ತಗ್ಗಿನಲ್ಲಿ ಟೆಂಟ್ ಹಾಕಿದ ಗುಂಪಿನ ಹಾಸಿಗೆಯಡಿ ನಡುರಾತ್ರಿ ಮಳೆನೀರು ನುಗ್ಗುತ್ತದೆ. ಟಾರ್ಚ್ ಹಿಡಿದು ಬಗ್ಗಿದಾಗ ನೆಲದ ಇಳಿಜಾರು ಮೊದಲ ಸಲ ಕಣ್ಣಿಗೆ ಬೀಳುತ್ತದೆ. ಜಲಾನಯನ ಪ್ರದೇಶದ ಪಾಠವನ್ನು ಉರುಹೊಡೆದು ಪೂರ್ತಿ ಅಂಕ ಪಡೆದವರೂ ಆ ಗುಂಪಿನಲ್ಲಿರುತ್ತಾರೆ! ಮರುದಿನ ಯಾರೂ ಹೇಳದೆಯೇ ಟೆಂಟು ದಿಬ್ಬಕ್ಕೇರುತ್ತದೆ. ಮಾಡಿದ್ದು ತಿರುಗಿ ಬರಲು ಒಂದು ರಾತ್ರಿಯಾದರೂ ಬೇಕು.

ಇಂಥ ಶಿಬಿರಗಳಿಗೆ ಒಂದು ಹಳೆಯ ಮಾದರಿಯಿದೆ. 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಆರಂಭಿಸಿದ ‘ಔಟ್‌ವರ್ಡ್ ಬೌಂಡ್’ ಶಾಲೆ ಹುಡುಗರನ್ನು ಸುಮಾರು ನಾಲ್ಕು ವಾರ ಕಡಲು, ಬೆಟ್ಟಗಳ ನಡುವೆ ಇರಿಸಿಕೊಳ್ಳುತ್ತಿತ್ತು. ಯುದ್ಧಕಾಲದಲ್ಲಿ ಎಳೆಯ ನಾವಿಕರನ್ನು ಗಟ್ಟಿಮಾಡಲು ಹುಟ್ಟಿದ್ದು ಅದು. ಆ ಗಟ್ಟಿಮಾಡುವ ಗೀಳು ಇಂದಿನ ಕೆಲವು ಸಾಹಸ ಶಿಬಿರಗಳನ್ನೂ ಬಿಟ್ಟಿಲ್ಲ ಎಂಬುದು ನನ್ನ ತಕರಾರು. ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಮುಂದಿನ ಕಲಿಕೆಗೇ ಅಡ್ಡ ಬರುತ್ತವೆ ಎಂದು ಡ್ಯೂಯಿ 1938ರಲ್ಲೇ ಬರೆದಿದ್ದರು. ಹೆದರಿದ ಹುಡುಗಿಯನ್ನು ಎಲ್ಲರೆದುರು ಗೇಲಿಮಾಡಿ ಬಂಡೆ ಹತ್ತಿಸಿದರೆ ಅವಳು ಹತ್ತಿಯಾಳು. ಆಮೇಲೆ ಬೆಟ್ಟದ ಹೆಸರೆತ್ತಿದರೆ ಮುಖ ತಿರುಗಿಸುತ್ತಾಳೆ. ಇವತ್ತು ಏನಾಯಿತು, ಯಾಕಾಯಿತು ಎಂದು ರಾತ್ರಿ ಊಟದ ನಂತರ ಮಕ್ಕಳು ಮಾತಾಡಿಕೊಳ್ಳುವ ಅರ್ಧ ಗಂಟೆ ನನಗೆ ಬಂಡೆ ಹತ್ತುವುದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಮಗು ಶಿಬಿರಕ್ಕೆ ಹೊರಟಾಗ ಚೀಲವನ್ನು ತಾನೇ ತುಂಬಿಕೊಳ್ಳಲಿ. ಟವೆಲ್ ಮರೆತರೆ ಮರೆಯಲಿ.